ಈ ಮಗು ನನ್ನದು: ಪಂಡಿತಾ ರಮಾಬಾಯಿ ಅವರ ಜೀವಿತದಿಂದ

   ಬೈಬಲ್ ತಂದಿರುವವರು ತೆರೆಯಿರಿ, ಫೋನ್‌ನಲ್ಲಿ ಇರುವವರು ಫೋನ್ ತೆಗೆಯಿರಿ. ಎಸ್ತೇರಳು 2ನೇ ಅಧ್ಯಾಯ, 7ನೇ ವಚನ. ಆಮೇಲೆ ಅದೇ ಅಧ್ಯಾಯದ 11ನೇ ವಚನ.

ಓದಿದ್ರಾ? ನಿಧಾನವಾಗಿ ನೋಡಿ. ಒಂದು ಹುಡುಗಿ. ತಂದೆ ಇಲ್ಲ, ತಾಯಿ ಇಲ್ಲ. ಚಿಕ್ಕಪ್ಪನ ಮಗಳನ್ನು ಮೊರ್ದೆಕೈ ತನ್ನ ಸ್ವಂತ ಮಗಳಾಗಿ ತೆಗೆದುಕೊಂಡು ಸಾಕಿದ. ಆ ಮನೆಯಲ್ಲಿ ತಾಯಿಯ ಸ್ಥಾನದಲ್ಲಿ ಯಾರಾದರೂ ಇದ್ದರು ಅಂತ ವಾಕ್ಯ ಹೇಳೋದಿಲ್ಲ. ಅಣ್ಣನ ಸ್ಥಾನದಲ್ಲಿದ್ದವನೇ ಅಪ್ಪನಾದ, ಅವನೇ ಅಮ್ಮನೂ ಆದ. 11ನೇ ವಚನದಲ್ಲಿ ಏನಿದೆ? ಹುಡುಗಿ ಅರಮನೆ ಸೇರಿದ ಮೇಲೂ ಅವಳು ಹೇಗಿದ್ದಾಳೆ ಅಂತ ತಿಳಿಯೋದಕ್ಕೆ ಅವನು ಪ್ರತಿದಿನ ಅಂತಃಪುರದ ಅಂಗಳದ ಮುಂದೆ ಅಡ್ಡಾಡ್ತಾ ಇದ್ದ. ದಿನಾ ಹೋಗ್ತಾ ಇದ್ದ, ಪ್ರಿಯರೇ. ಹಬ್ಬಕ್ಕೊಮ್ಮೆ ಅಲ್ಲ, ಬರ್ತ್‌ಡೇಗೊಮ್ಮೆ ಅಲ್ಲ.

ಮೋಶೆ ಬೆಳೆದದ್ದು ಫರೋಹನ ಮಗಳ ಮನೆಯಲ್ಲಿ. ಸಮುವೇಲ ಬೆಳೆದದ್ದು ವಯಸ್ಸಾದ ಯಾಜಕನ ಜೊತೆ. ತಿಮೊಥೆಯನ ನಂಬಿಕೆಯ ಬಗ್ಗೆ ಪೌಲ ಬರೆಯುವಾಗ ಅಜ್ಜಿಯ ಹೆಸರು ಹೇಳ್ತಾನೆ, ತಾಯಿಯ ಹೆಸರು ಹೇಳ್ತಾನೆ. ದೇವರು ಮಕ್ಕಳನ್ನು ಬೆಳೆಸಿದ ಮನೆಗಳನ್ನು ಸಾಲಾಗಿ ನಿಲ್ಲಿಸಿದರೆ, ನಾವು ಫ್ಯಾಮಿಲಿ ಫೋಟೋ ಅಂತ ಗೋಡೆಗೆ ಹಾಕುವ ಚಿತ್ರಕ್ಕೆ ಹೊಂದುವಂಥವು ಬಹಳ ಸಿಗೋದಿಲ್ಲ.

ಇವತ್ತು ಈ ವಾಕ್ಯವನ್ನು ಒಬ್ಬ ತಾಯಿಯ ಜೀವಿತದ ಮೂಲಕ ಧ್ಯಾನಿಸೋಣ. ಪಂಡಿತಾ ರಮಾಬಾಯಿ. ನಮ್ಮ ಪೆಂತೆಕೊಸ್ತ್ ಸಭೆಗಳಲ್ಲಿ ಈ ಹೆಸರು ಬಂದ ಕೂಡಲೇ 1905ರ ಉಜ್ಜೀವನ ಅಂತೀವಿ. ಅದಕ್ಕೆ ಸ್ತೋತ್ರ. ಆದರೆ ಆ ಬೆಂಕಿ ಇಳಿದದ್ದು ಎಂಥಾ ಮನೆಯ ಮೇಲೆ ಅಂತ ಯಾರೂ ಕೇಳೋದಿಲ್ಲ. ನಾನು ಇವತ್ತು ಆ ಮನೆಯ ಬಗ್ಗೆ ಮಾತಾಡ್ತೀನಿ.

ರಮಾಬಾಯಿ ನಮ್ಮ ಮಣ್ಣಿನ ಮಗಳು. 1858ರ ಏಪ್ರಿಲ್ 23ರಂದು ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಕುದುರೆಮುಖದ ಹತ್ತಿರ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅದು. ನಿಮ್ಮಲ್ಲಿ ಕೆಲವರು ವೀಕೆಂಡ್‌ನಲ್ಲಿ ಬ್ಯಾಗ್ ಹಾಕ್ಕೊಂಡು ಆ ಬೆಟ್ಟಗಳಿಗೆ ಹೋಗಿದ್ದೀರಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರ ಮಾಳ ಎಂಬ ಊರಿನವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಅವರು ಮಾಡಿದ ಒಂದು ಕೆಲಸ ಆ ಕಾಲದಲ್ಲಿ ದೊಡ್ಡ ಅಪರಾಧವಾಗಿತ್ತು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಅದಕ್ಕಾಗಿ ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಊರಿನ ಬಾಯಿ ಮುಚ್ಚಲಿಲ್ಲ. ಶಾಸ್ತ್ರಿಗಳು ಹೆಂಡತಿಯನ್ನು ಕರ್ಕೊಂಡು ಕಾಡು ಸೇರಿ, ಅಲ್ಲೇ ಮನೆ ಕಟ್ಟಿ, ಶಿಷ್ಯರನ್ನು ಇಟ್ಟುಕೊಂಡು ಪಾಠ ಹೇಳಿದರು.

ಮಗುವಿಗೆ ಆರು ತಿಂಗಳಾದಾಗ ಆ ಮನೆಯನ್ನೂ ಬಿಡಬೇಕಾಯಿತು. ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ರಮಾಬಾಯಿಯನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ತಲೆಯ ಮೇಲೆ ಹೊತ್ತು ಬೆಟ್ಟ ಇಳಿಸಿದರು. ಅಲ್ಲಿಂದ ಮುಂದೆ ಆ ಮಗುವಿಗೆ ನಿಂತ ಮನೆ ಅಂತ ಒಂದು ಇರಲಿಲ್ಲ. ಊರಿಂದ ಊರಿಗೆ ನಡೆಯೋದು, ಪುರಾಣ ಹೇಳೋದು, ಕೊಟ್ಟದ್ದನ್ನು ಊಟ ಮಾಡೋದು. ಆದರೆ ತಾಯಿ ಮಾತ್ರ ಒಂದು ಕೆಲಸ ಬಿಡಲಿಲ್ಲ. ನಸುಕಿನಲ್ಲಿ ಎಬ್ಬಿಸಿ ಪಾಠ ಹೇಳ್ತಾ ಇದ್ದರು. ಹಗಲಲ್ಲಿ ಸಮಯ ಸಿಗ್ತಾ ಇರಲಿಲ್ಲ, ಅದಕ್ಕೆ ನಸುಕು. ಹನ್ನೆರಡನೇ ವಯಸ್ಸಿಗೆ ಆ ಹುಡುಗಿಗೆ ಭಾಗವತದ 18,000 ಶ್ಲೋಕ ಬಾಯಿಪಾಠವಾಗಿತ್ತು. ಮುಂದೆ ಅಮೆರಿಕದಲ್ಲಿ ಪುಸ್ತಕ ಬರೆದಾಗ ರಮಾಬಾಯಿ ಅದನ್ನು ಅರ್ಪಿಸಿದ್ದು ಆ ತಾಯಿಗೆ. ನಿಂತ ಮನೆ ಇರಲಿಲ್ಲ, ನಿಂತ ತಾಯಿ ಇದ್ದರು. ಗಮನಿಸಿ, ಯೌವನಸ್ಥರೇ. ಇದು ಮೊದಲನೇ ಪಾಠ.

ಆಮೇಲೆ ಬರ ಬಂತು. ಕೈಯಲ್ಲಿದ್ದ ಹಣ ಮುಗೀತು. ಪಾತ್ರೆ, ಬಟ್ಟೆ ಮಾರಿದರು. ಕೊನೆಗೆ ಕಾಡಿನಲ್ಲಿ 11 ದಿನ ನೀರು, ಎಲೆ, ಒಂದು ಹಿಡಿ ಕಾಡು ಖರ್ಜೂರದಲ್ಲಿ ಜೀವ ಹಿಡಿದರು. 1874ರಲ್ಲಿ ತಂದೆ ತೀರಿಕೊಂಡರು. ಅವರ ಹಿಂದೆಯೇ ತಾಯಿ. ಆಮೇಲೆ ಅಕ್ಕ ಕೃಷ್ಣಾಬಾಯಿ. ಉಳಿದದ್ದು ಇಬ್ಬರು, ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಬರಿಗಾಲಲ್ಲಿ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತೆ ತಲುಪಿದರು. ಅಲ್ಲಿನ ವಿದ್ವಾಂಸರು ಈ 20 ವರ್ಷದ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ ಪಂಡಿತಾ ಅಂದರು, ಸರಸ್ವತಿ ಅಂದರು. 1880ರಲ್ಲಿ ಅಣ್ಣನೂ ಹೋದ. ತವರು ಅಂತ ಹೇಳೋದಕ್ಕೆ ಇನ್ನು ಯಾರೂ ಉಳಿದಿರಲಿಲ್ಲ.

ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ, ಪ್ರಾಂತ್ಯ ಬೇರೆ. 1872ರ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮದುವೆ. ಸಮಾಜ ಇಬ್ಬರನ್ನೂ ದೂರ ಇಟ್ಟಿತು. ಅಸ್ಸಾಮಿನ ಸಿಲ್ಚರ್‌ನಲ್ಲಿ ಸಂಸಾರ ಹೂಡಿದರು. 1881ರ ಏಪ್ರಿಲ್ 16ರಂದು ಮಗು ಹುಟ್ಟಿತು. ಹೆಣ್ಣು ಮಗು. ಗಂಡ ಹೆಂಡತಿ ಇಬ್ಬರಿಗೂ ಹೆಣ್ಣೇ ಬೇಕು ಅಂತ ಆಸೆ ಇತ್ತು. ಮನಸ್ಸಿಗೆ ಸಂತೋಷ ಕೊಡುವವಳು ಅಂತ ಮನೋರಮಾ ಎಂದು ಹೆಸರಿಟ್ಟರು. ಹೆಣ್ಣು ಹುಟ್ಟಿದರೆ ಮನೆಯವರ ಮುಖ ಬಾಡುತ್ತಿದ್ದ ಕಾಲದಲ್ಲಿ ಆ ಹೆಸರನ್ನು ಇಟ್ಟರು.

ಮಗುವಿಗೆ ಹತ್ತು ತಿಂಗಳು ಆಗುವಷ್ಟರಲ್ಲಿ, 1882ರ ಫೆಬ್ರವರಿಯಲ್ಲಿ, ಕಾಲರಾ ಬಂದು ಬಿಪಿನ್ ಬಿಹಾರಿ ತೀರಿಕೊಂಡರು.

ಈಗ ಆ ಹೆಣ್ಣುಮಗಳನ್ನು ನೋಡಿ. ವಯಸ್ಸು 23. ವಿಧವೆ. ಜಾತಿ ಬಿಟ್ಟು ಮದುವೆಯಾದವಳು. ಅಪ್ಪ ಅಮ್ಮ ಇಲ್ಲ, ಅಣ್ಣ ಇಲ್ಲ, ಅಕ್ಕ ಇಲ್ಲ. ಕಂಕುಳಲ್ಲಿ ಕೂಸು. ಆ ಕಾಲದಲ್ಲಿ ಜನ ಇಂಥ ಕೂಸನ್ನು ಏನಂತ ಕರೀತಿದ್ರು ಗೊತ್ತಾ? ಅಪ್ಪನನ್ನು ನುಂಗಿದವಳು. ಇವತ್ತೂ ಆ ಮಾತು ಸತ್ತಿಲ್ಲ, ಸ್ವಲ್ಪ ಬಟ್ಟೆ ಬದಲಾಯಿಸಿಕೊಂಡಿದೆ ಅಷ್ಟೆ. ರಮಾಬಾಯಿ ಮಗುವನ್ನು ಮನೋ ಅಂತಲೇ ಕರೆದರು. ಹೆಸರನ್ನು ಬದಲಾಯಿಸಲಿಲ್ಲ. ದುಃಖ ಮನೆಗೆ ಬಂತು, ಆದರೆ ಮಗುವಿನ ಹೆಸರಿನೊಳಗೆ ದುಃಖವನ್ನು ಬಿಡಲಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಿಸ್ತೀನಿ. ಈ ಹಾಲ್‌ನಲ್ಲಿ ಕೂತಿರುವ ನಿಮ್ಮಲ್ಲಿ ಅಮ್ಮ ಒಬ್ಬರೇ ಬೆಳೆಸಿದವರು ಇದ್ದೀರಿ. ಅಪ್ಪ ಅಮ್ಮ ಗಲ್ಫ್‌ನಲ್ಲಿದ್ದು ಅಜ್ಜಿ ತಾತನ ಹತ್ತಿರ ಬೆಳೆದವರು ಇದ್ದೀರಿ. ಡಿವೋರ್ಸ್ ಆದ ಮನೆಯವರು, ಮಲತಾಯಿ ಮಲತಂದೆ ಇರುವವರು, ದತ್ತು ಮಕ್ಕಳು, ಹಾಸ್ಟೆಲ್‌ನಲ್ಲೇ ದೊಡ್ಡವರಾದವರು ಇದ್ದೀರಿ. ನಾನೂ ಅಪ್ಪ ಇಲ್ಲದ ಮನೆಯಲ್ಲೇ ಬೆಳೆದೆ. ಅಮ್ಮ ಕೆಲಸಕ್ಕೆ ಹೋಗ್ತಿದ್ರು, ದೊಡ್ಡಮ್ಮ ಅನ್ನ ಕಲಸಿ ಕೊಡ್ತಿದ್ರು. ಶಾಲೆಯಲ್ಲಿ ಪ್ರೋಗ್ರೆಸ್ ಕಾರ್ಡ್ ಮೇಲೆ ತಂದೆಯ ಸಹಿ ಅನ್ನೋ ಗೆರೆ ಇರ್ತಿತ್ತು. ದೊಡ್ಡಮ್ಮನಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಕನ್ನಡದಲ್ಲಿ ತಮ್ಮ ಹೆಸರು ಪೂರ್ತಿ ಬರೆದು ಕಳಿಸ್ತಿದ್ರು. ಆ ಗೆರೆಯ ಮೇಲೆ ಖಾಲಿ ಜಾಗ ಒಂದು ತಿಂಗಳೂ ಇರಲಿಲ್ಲ. ಅದನ್ನು ಇವತ್ತಿಗೂ ನಾನು ದೇವರ ಕೃಪೆ ಅಂತಲೇ ಎಣಿಸ್ತೀನಿ.

ಮುಂದಕ್ಕೆ ಹೋಗೋಣ. ರಮಾಬಾಯಿ ಮಗುವನ್ನು ಎತ್ಕೊಂಡು ಪುಣೆಗೆ ಬಂದರು. ಅದೇ 1882ರಲ್ಲಿ ಆರ್ಯ ಮಹಿಳಾ ಸಮಾಜ ಶುರು ಮಾಡಿದರು. ಹಂಟರ್ ಕಮಿಷನ್ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಹೆಣ್ಣು ಟೀಚರ್‌ಗಳು ಬೇಕು, ಹೆಣ್ಣು ಡಾಕ್ಟರ್‌ಗಳು ಬೇಕು ಅಂತ ಸಾಕ್ಷಿ ಹೇಳಿದರು. ತಾನೇ ಡಾಕ್ಟರ್ ಆಗಬೇಕು ಅಂತ ಹೊರಟರು. ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಪುಸ್ತಕ ಬರೆದು, ಅದು ಮಾರಾಟವಾದ ಹಣದಲ್ಲಿ ಹಡಗಿನ ಟಿಕೆಟ್ ತೆಗೆದುಕೊಂಡರು. 1883ರಲ್ಲಿ ಎರಡು ವರ್ಷದ ಮಗಳ ಜೊತೆ ಇಂಗ್ಲೆಂಡ್‌ಗೆ ಹೋದರು. ಕಿವಿ ಮಂದವಾಗಿತ್ತು, ಆದ್ದರಿಂದ ಡಾಕ್ಟರ್ ಓದು ಆಗಲಿಲ್ಲ. ಆದರೆ ವಾಂಟೇಜ್ ಎಂಬ ಊರಿನಲ್ಲಿ ಸಿಸ್ಟರ್‌ಗಳ ಜೊತೆ ಇದ್ದಾಗ, ಸಮಾಜ ತಳ್ಳಿಬಿಟ್ಟ ಹೆಂಗಸರನ್ನು ಅವರು ನೋಡಿಕೊಳ್ಳುವ ರೀತಿ ಅವರ ಹೃದಯವನ್ನು ಮುಟ್ಟಿತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರಿಗೂ ದೀಕ್ಷಾಸ್ನಾನವಾಯಿತು.

ಆಮೇಲೆ ಚೆಲ್ಟನ್‌ಹ್ಯಾಮ್‌ನ ಕಾಲೇಜಿನಲ್ಲಿ ಓದು, ಅಲ್ಲೇ ಸಂಸ್ಕೃತ ಪಾಠ. 1886ರಲ್ಲಿ ಆನಂದಿಬಾಯಿ ಜೋಶಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡೋದಕ್ಕೆ ಅಮೆರಿಕಕ್ಕೆ ಹೋದರು. ಹೆಣ್ಣುಮಕ್ಕಳ ಶಾಲೆಗೆ ಹಣ ಕೂಡಿಸಲು ಅಲ್ಲೇ ಉಳಿದು ಊರೂರು ಸುತ್ತಿದರು. ಐದು ವರ್ಷದ ಮಗಳನ್ನು ಆ ಸುತ್ತಾಟಕ್ಕೆ ಕರೆದುಕೊಂಡು ಹೋಗೋದು ಆಗಲಿಲ್ಲ. ವಾಂಟೇಜಿನ ಸಿಸ್ಟರ್‌ಗಳ ಹತ್ತಿರ ವಾಪಸ್ ಕಳಿಸಿದರು. ಸಮುದ್ರದ ಈ ಕಡೆ ತಾಯಿ, ಆ ಕಡೆ ಮಗಳು.

ಇದನ್ನು ನಾನು ಸಿಹಿ ಮಾಡಿ ಹೇಳೋದಿಲ್ಲ. ಒಂಟಿ ತಾಯಿಯ ಜೀವನದಲ್ಲಿ ಇಂಥ ಬಿಲ್ ಬರುತ್ತೆ. ನೈಟ್ ಶಿಫ್ಟ್ ಇರುವ ಅಮ್ಮಂದಿರಿಗೆ ಗೊತ್ತು. ಡೇ ಕೇರ್‌ನ ಗೇಟ್ ಹತ್ತಿರ ಮಗು ಅಳುವಾಗ ತಿರುಗಿ ನೋಡದೆ ಕ್ಯಾಬ್ ಹತ್ತುವವರಿಗೆ ಗೊತ್ತು. ದುಡಿಯದಿದ್ದರೆ ಮಗುವಿಗೆ ಅನ್ನ ಇಲ್ಲ. ದುಡಿದರೆ ಮಗುವಿಗೆ ಅಮ್ಮ ಇಲ್ಲ. ರಮಾಬಾಯಿ ಸಹಾಯ ತೆಗೆದುಕೊಂಡರು. ಅದಕ್ಕೆ ನಾಚಿಕೊಳ್ಳಲಿಲ್ಲ. ಮಗಳನ್ನು ಪ್ರೀತಿಸುವವರ ಕೈಗೇ ಕೊಟ್ಟರು.

ಆದರೆ ಒಂದನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಆ ಸಿಸ್ಟರ್‌ಗಳ ಜೊತೆ ಅವರು ನಡೆಸಿದ ಪತ್ರವ್ಯವಹಾರ ಪುಸ್ತಕವಾಗಿ ಅಚ್ಚಾಗಿದೆ. ಅದರಲ್ಲಿ ಮಗಳ ವಿಷಯಕ್ಕೆ ನಡೆದ ಜಗ್ಗಾಟ ಕಾಣುತ್ತೆ. ಮಗುವಿಗೆ ಏನು ಕಲಿಸಬೇಕು, ನಂಬಿಕೆಯ ವಿಷಯದಲ್ಲಿ ಹೇಗೆ ಬೆಳೆಸಬೇಕು ಅನ್ನೋದನ್ನು ತಾಯಿಯಾದ ನಾನೇ ತೀರ್ಮಾನಿಸುವೆ ಅನ್ನುವ ಅರ್ಥದಲ್ಲಿ ಅವರು ಗಟ್ಟಿಯಾಗಿ ಬರೀತಾರೆ. ಅವರು ಉಪಕಾರ ಮಾಡಿದವರು, ಆತ್ಮಿಕ ಗುರುಗಳು, ಆಶ್ರಯ ಕೊಟ್ಟವರು. ಆದರೂ ಮಗುವಿನ ತಾಯಿ ಯಾರು ಅನ್ನೋದು ಮರೆತುಹೋಗಬಾರದು.

ಇದು ಎರಡನೇ ಪಾಠ, ಮತ್ತು ಇದು ಇಬ್ಬರಿಗೂ ಸೇರಿದ್ದು. ಒಬ್ಬರೇ ಮಗು ಬೆಳೆಸ್ತಾ ಇರುವ ಸಿಸ್ಟರ್, ಬ್ರದರ್, ಸಹಾಯ ಕೇಳೋದು ಸೋಲಲ್ಲ. ಕೇಳಿ. ಸಹಾಯ ಮಾಡುವ ಸಭೆಯವರೇ, ಮಗುವನ್ನು ಎರಡು ಗಂಟೆ ನೋಡಿಕೊಂಡ ಮಾತ್ರಕ್ಕೆ ಅಮ್ಮನಿಗೆ ಬುದ್ಧಿ ಹೇಳುವ ಹಕ್ಕು ಬರೋದಿಲ್ಲ. ಅಕ್ಕಿ ಕೊಟ್ಟೆ ಅಂತ ಮನೆಯ ಯಜಮಾನಿಕೆ ಕೇಳಬೇಡಿ. ಮಗುವಿನ ಎದುರಿಗೆ ಅದರ ತಾಯಿಯನ್ನು ಚಿಕ್ಕವಳು ಮಾಡಬೇಡಿ. ಮಗು ಅದನ್ನು ಮರೆಯೋದಿಲ್ಲ.

1887ರಲ್ಲಿ ಅವರ ಇಂಗ್ಲಿಷ್ ಪುಸ್ತಕ ಅಮೆರಿಕದಲ್ಲಿ ಪ್ರಕಟವಾಯಿತು. ಬಾಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು, ಹತ್ತು ವರ್ಷ ಹಣ ಕೊಡ್ತೀವಿ ಅಂತ ಒಪ್ಪಿಕೊಂಡಿತು. 1889ರ ಮಾರ್ಚ್ 11ರಂದು ಬಾಂಬೆಯಲ್ಲಿ ಶಾರದಾ ಸದನ ತೆರೆಯಿತು. ಶುರುವಿನಲ್ಲಿ ಬಂದ ಬಾಲವಿಧವೆ ಗೋದೂಬಾಯಿ. ಓದಿ, ನಾಲ್ಕು ವರ್ಷದ ಮೇಲೆ ಧೋಂಡೋ ಕೇಶವ ಕರ್ವೆ ಅವರನ್ನು ಮದುವೆಯಾದರು. ಅದೇ ಕರ್ವೆ ಮುಂದೆ ಹೆಣ್ಣುಮಕ್ಕಳಿಗಾಗಿ ಯೂನಿವರ್ಸಿಟಿಯನ್ನೇ ಕಟ್ಟಿದರು. ಜನ ಅಪಶಕುನ ಅಂದ ಹುಡುಗಿಯರನ್ನು ರಮಾಬಾಯಿ ಒಬ್ಬೊಬ್ಬರಾಗಿ ಒಳಗೆ ಕರೆದರು.

ಮರುವರ್ಷ ಸದನ ಪುಣೆಗೆ ಬಂತು. ಅಲ್ಲಿ ಕಷ್ಟವೂ ಬಂತು. ಸದನದಲ್ಲಿ ಯಾರ ಧರ್ಮವನ್ನೂ ಮುಟ್ಟೋದಿಲ್ಲ ಅಂತ ಪೋಷಕರಿಗೆ ಮಾತು ಕೊಟ್ಟಿದ್ದರು. ಆದರೆ ರಮಾಬಾಯಿ ದಿನಾ ಬೆಳಗ್ಗೆ ತನ್ನ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥನೆ ಮಾಡ್ತಿದ್ದರು, ಬಾಗಿಲು ಮುಚ್ಚುತ್ತಿರಲಿಲ್ಲ. ಹುಡುಗಿಯರು ತಾವಾಗಿ ಬಂದು ಕೂತರು. ಯಾರನ್ನೂ ಕರೆಯಲಿಲ್ಲ, ಬಂದವರನ್ನು ಹೊರಗೆ ಹಾಕಲಿಲ್ಲ. ಅವರಲ್ಲಿ ಕೆಲವರ ಮನಸ್ಸು ಯೇಸುವಿನ ಕಡೆ ತಿರುಗಿದಾಗ ಊರಲ್ಲಿ ದೊಡ್ಡ ಗಲಾಟೆಯಾಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ಹಿರಿಯರು ಸಲಹಾ ಸಮಿತಿ ಬಿಟ್ಟರು. ಸುಮಾರು 25 ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ಆ ಪೋಷಕರ ಭಯ ನಿಜವಾದದ್ದು, ಅದನ್ನು ನಾವು ಹಗುರ ಮಾಡಬಾರದು. ಮಕ್ಕಳನ್ನು ನಂಬಿ ಕಳಿಸಿದವರಿಗೆ ಕೇಳುವ ಹಕ್ಕಿದೆ. ನಾನು ನಿಮಗೆ ತೋರಿಸಬೇಕು ಅಂತಿರೋದು ಆ ಕೋಣೆಯನ್ನು. ಅಪ್ಪ ಇಲ್ಲದ ಮನೆ. ಒಬ್ಬ ತಾಯಿ, ಒಬ್ಬ ಮಗಳು, ದಿನಾ ಒಂದೇ ಹೊತ್ತಿಗೆ ಮೊಣಕಾಲು. ಎಷ್ಟು ಕೆಲಸ ಇದ್ದರೂ ಆ ಹೊತ್ತು ಮಗಳದು. ಒಂಟಿಯಾಗಿ ಮಗು ಬೆಳೆಸುವವರೇ, ನಿಮ್ಮ ಹತ್ತಿರ ದಿನಕ್ಕೆ ಹತ್ತು ಗಂಟೆ ಇಲ್ಲ ಅಂತ ದೇವರಿಗೆ ಗೊತ್ತು. ಹತ್ತು ನಿಮಿಷ ಇದ್ರೂ ಸಾಕು. ಮಗುವಿಗೆ ಅದು ದಿನಾ ಸಿಗುತ್ತೆ ಅಂತ ಗೊತ್ತಿರಬೇಕು.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. 1896-97ರಲ್ಲಿ ಮಧ್ಯಭಾರತದಲ್ಲಿ ಭೀಕರ ಬರ. ಸುದ್ದಿ ಕೇಳಿದ ರಮಾಬಾಯಿ ತಾವೇ ಹೊರಟರು. ರಸ್ತೆ ಬದಿಯಲ್ಲಿ, ಗಂಜಿ ಕೇಂದ್ರಗಳಲ್ಲಿ ಎಲುಬುಗೂಡಾದ ಹೆಣ್ಣುಮಕ್ಕಳನ್ನು ನೋಡಿದರು. ಹಸಿವನ್ನು ಅವರು ಪುಸ್ತಕದಿಂದ ಕಲಿತವರಲ್ಲ, ಅಲ್ವಾ? ಕಾಡು ಖರ್ಜೂರ ತಿಂದು ಬದುಕಿದವರು. ಸುಮಾರು 300 ಹುಡುಗಿಯರನ್ನು ಕರೆದುಕೊಂಡು ಬಂದರು. ಪುಣೆಯಲ್ಲಿ ಪ್ಲೇಗ್, ಊರೊಳಗೆ ಇವರನ್ನು ಇಟ್ಟುಕೊಳ್ಳೋದಕ್ಕೆ ಅಧಿಕಾರಿಗಳು ಬಿಡಲಿಲ್ಲ. ಪುಣೆಯಿಂದ ಸುಮಾರು 34 ಮೈಲಿ ದೂರದ ಕೆಡಗಾಂವ್‌ನಲ್ಲಿ, ಹಣ್ಣಿನ ತೋಟಕ್ಕೆ ಅಂತ ತೆಗೆದುಕೊಂಡಿದ್ದ ಜಮೀನಿನಲ್ಲಿ, ಡೇರೆ ಹಾಕಿ ಇರಿಸಿದರು. ಅದೇ ಮುಕ್ತಿ ಆಯಿತು. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿ 1,500ಕ್ಕೂ ಹೆಚ್ಚು ಜನ.

ಹೊಸದಾಗಿ ಬಂದ ಮಕ್ಕಳನ್ನು ಸಂಭಾಳಿಸೋದು ಸುಲಭವಾಗಿರಲಿಲ್ಲ. ರೋಗ, ಜಗಳ, ಯಾರ ಮೇಲೂ ನಂಬಿಕೆ ಇಲ್ಲ. ಹಸಿವಿನಲ್ಲಿ ಮನುಷ್ಯರ ಕೆಟ್ಟ ಮುಖ ನೋಡಿದ ಮಗು ಸುಮ್ಮನೆ ನಗೋದಿಲ್ಲ, ಪ್ರಿಯರೇ. ಒಬ್ಬ ರಮಾಬಾಯಿ ಅಷ್ಟು ಮಕ್ಕಳಿಗೆ ತಾಯಿಯಾಗೋದಕ್ಕೆ ಸಾಧ್ಯವೇ? ಇಲ್ಲ. ಅವರಿಗೂ ಅದು ಗೊತ್ತಿತ್ತು. ಶಾರದಾ ಸದನದಲ್ಲಿ ಬೆಳೆದ ಹಿರಿಯ ಹುಡುಗಿಯರನ್ನು ಕರೆದು, ಒಬ್ಬೊಬ್ಬರ ಕೈಗೆ ಕೆಲವು ಮಕ್ಕಳನ್ನು ಒಪ್ಪಿಸಿದರು. ಸ್ನಾನ ಮಾಡಿಸೋದು, ತಲೆ ಬಾಚೋದು, ಕಾಯಿಲೆ ಬಿದ್ದರೆ ಪಕ್ಕದಲ್ಲಿ ಕೂರೋದು, ರಾತ್ರಿ ಪ್ರಾರ್ಥಿಸಿ ಮಲಗಿಸೋದು. ನೆನ್ನೆ ತಾನೇ ಅನಾಥೆ ಅನ್ನಿಸಿಕೊಂಡಿದ್ದ ಬಾಲವಿಧವೆ ಇವತ್ತು ಇನ್ನೊಂದು ಮಗುವಿಗೆ ತಾಯಿ. ಮಕ್ಕಳಿಗೆ ಬರೀ ಕಟ್ಟಡ ಸಿಗಲಿಲ್ಲ, ನನ್ನದು ಅನ್ನೋದಕ್ಕೆ ಒಬ್ಬೊಬ್ಬರು ಸಿಕ್ಕರು.

ಅಂಧರಿಗೆ ಬಾರ್ತಿಮಾಯನ ಹೆಸರಿನ ಸದನ. ವಯಸ್ಸಾದವರಿಗೆ ಪ್ರೀತಿ ಸದನ. ಸಮಾಜ ಕೆಟ್ಟವಳು ಅಂತ ಮುದ್ರೆ ಹಾಕಿದವರಿಗೆ ಕೃಪಾ ಸದನ. ಮಗುವಿನ ಅಪ್ಪ ಯಾರು ಅಂತ ಊರು ಕೇಳ್ತಿತ್ತು, ಕೃಪಾ ಸದನ ಮಗು ಊಟ ಮಾಡಿದೆಯಾ ಅಂತ ಕೇಳ್ತಿತ್ತು. ನೇಯ್ಗೆ, ಹೊಲಿಗೆ, ಹೈನು, ಎಣ್ಣೆ ಗಾಣ, ಪ್ರಿಂಟಿಂಗ್ ಪ್ರೆಸ್, ಎಲ್ಲವನ್ನೂ ಹುಡುಗಿಯರೇ ನಡೆಸಿದರು. ಯಾರ ದಯೆಯ ಮೇಲೂ ಬದುಕಬಾರದು ಅಂತ ಕೈಗೆ ಕೆಲಸ ಕಲಿಸಿದರು.

ಇಂಥ ಮನೆಯ ಮೇಲೆ 1905ರಲ್ಲಿ ಪವಿತ್ರಾತ್ಮನ ಸುರಿಸುವಿಕೆ ಬಂತು. ವರ್ಷದ ಶುರುವಿನಲ್ಲಿ ಪ್ರಾರ್ಥನೆಗೆ ಕೂತ ಚಿಕ್ಕ ಗುಂಪು ನೂರಾರು ಜನರ ಗುಂಪಾಯಿತು, ಜೂನ್ ಕೊನೆಯಲ್ಲಿ ಉಜ್ಜೀವನ ಹತ್ತಿಕೊಂಡಿತು. ಲಾಸ್ ಏಂಜಲಿಸ್‌ನ ಅಜೂಸಾ ಸ್ಟ್ರೀಟ್‌ಗೆ ಇನ್ನೂ ಒಂದು ವರ್ಷ ಬಾಕಿ ಇತ್ತು. ಮುಕ್ತಿಯಲ್ಲಿದ್ದ ಮಿನಿ ಏಬ್ರಮ್ಸ್ ಬರೆದ ಚಿಕ್ಕ ಪುಸ್ತಕ ದಕ್ಷಿಣ ಅಮೆರಿಕದ ಚಿಲಿ ದೇಶದವರೆಗೆ ಹೋಗಿ ಅಲ್ಲಿಯೂ ಬೆಂಕಿ ಹಚ್ಚಿತು. ಹಲ್ಲೆಲೂಯಾ! ಯಾರ ಮೇಲೆ ಸುರಿಯಿತು ಅಂತ ನೋಡಿ. ಅಪ್ಪ ಅಮ್ಮ ಇಲ್ಲದವರು, ಗಂಡ ಇಲ್ಲದವರು, ಕುಟುಂಬ ಅಂತ ತೋರಿಸೋದಕ್ಕೆ ಏನೂ ಇಲ್ಲದ ಹುಡುಗಿಯರು. ಅವರ ಮನೆ ಪೂರ್ತಿ ಆಗಲಿ, ಆಮೇಲೆ ಬರ್ತೀನಿ ಅಂತ ಪವಿತ್ರಾತ್ಮನು ಕಾಯಲಿಲ್ಲ.

ಮನೋರಮಾ ಏನಾದರು? ಇಂಗ್ಲೆಂಡ್‌ನಲ್ಲಿ, ಅಮೆರಿಕದಲ್ಲಿ ಓದಿದರು. ಬೇಕಿದ್ದರೆ ಅಲ್ಲೇ ನೆಲೆ ನಿಲ್ಲಬಹುದಿತ್ತು. ಹಿಂತಿರುಗಿ ಬಂದು ಶಾರದಾ ಸದನದ ಪ್ರಿನ್ಸಿಪಾಲ್ ಆದರು. ಬ್ರೈಲ್ ಲಿಪಿ ಕಲಿತು ಅಂಧ ಹುಡುಗಿಯರಿಗೆ ಓದು ಕಲಿಸಿದರು. 1912ರ ಸುಮಾರಿಗೆ ತಾಯಿ ಮಗಳು ಇಬ್ಬರೂ ಸೇರಿ, ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲ್ಬರ್ಗದಲ್ಲಿ, ಅಂದರೆ ಕಲಬುರಗಿಯಲ್ಲಿ, ಶಾಲೆ ತೆರೆದರು. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟ ಮಗು ಮುದುಕಿಯಾಗಿ ಮಗಳ ಮೂಲಕ ಕನ್ನಡದ ಸೀಮೆಗೆ ಶಾಲೆ ಕೊಟ್ಟಿತು. ಆ ಮಗಳು ಚಿಕ್ಕಂದಿನಲ್ಲಿ ತಾಯಿಯನ್ನು ಸಮುದ್ರದ ಆಚೆಗೆ ಬಿಟ್ಟಿದ್ದವಳು. ದೊಡ್ಡವಳಾದ ಮೇಲೆ ತಾಯಿಯನ್ನು ಸಾವಿರಾರು ಮಕ್ಕಳ ಜೊತೆ ಹಂಚಿಕೊಂಡವಳು. ಅದು ಸಣ್ಣ ಬೆಲೆಯಲ್ಲ.

1921ರ ಜುಲೈ 24ರಂದು ಮನೋರಮಾ ತೀರಿಕೊಂಡರು. ವಯಸ್ಸು 40. ಬಿಪಿನ್ ಬಿಹಾರಿ ಹೋದಾಗ ಕಂಕುಳಲ್ಲಿದ್ದ ಕೂಸು ತಾಯಿಗಿಂತ ಮೊದಲೇ ಹೊರಟುಹೋಯಿತು. ರಮಾಬಾಯಿ ಇಬ್ರಿಯ, ಗ್ರೀಕ್ ಭಾಷೆಗಳಿಂದ ಸರಳ ಮರಾಠಿಗೆ ಮಾಡ್ತಾ ಇದ್ದ ಬೈಬಲ್ ಅನುವಾದವನ್ನು ಆ ದುಃಖದಲ್ಲೂ ಬಿಡಲಿಲ್ಲ. ಓದು ಕಡಿಮೆ ಇರುವ ಹೆಣ್ಣುಮಕ್ಕಳಿಗೂ ಅರ್ಥವಾಗಬೇಕು ಅನ್ನೋದು ಅವರ ಆಸೆ. ಆ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ಅವರೂ ಕರ್ತನ ಬಳಿಗೆ ಹೋದರು. ಮುಕ್ತಿ ಇವತ್ತಿಗೂ ಕೆಡಗಾಂವ್‌ನಲ್ಲಿ ಇದೆ.

ಈಗ ನಮ್ಮ ಕಡೆಗೆ ತಿರುಗೋಣ. ನಮ್ಮ ದೇಶದಲ್ಲಿ 2016ರ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟ್ ನಿಯಮ ಬದಲಾಯಿತು. ತಂದೆ, ತಾಯಿ, ಇಲ್ಲಾ ಪಾಲಕರು, ಯಾರಾದರೂ ಒಬ್ಬರ ಹೆಸರು ಸಾಕು. ಸರ್ಕಾರದ ಫಾರ್ಮ್‌ನಲ್ಲಿ ಜಾಗ ಆಯಿತು. ದೇವರ ಸಭೆಯ ನಾಲಿಗೆಯಲ್ಲಿ ಜಾಗ ಆಗಿದೆಯಾ? ಸಂಡೇ ಸ್ಕೂಲ್‌ನಲ್ಲಿ ಅಪ್ಪ ಅಮ್ಮನ ಚಿತ್ರ ಬರೀರಿ ಅಂದಾಗ ಅಜ್ಜಿಯ ಚಿತ್ರ ಬರೆದ ಮಗುವಿಗೆ ನಾವು ಏನು ಹೇಳ್ತೀವಿ? ಮದುವೆ ಮಾತುಕತೆ ಬಂದಾಗ, ಹುಡುಗಿ ಅಭಿಷೇಕ ಹೊಂದಿದವಳು, ಪ್ರಾರ್ಥಿಸುವವಳು, ಒಳ್ಳೆ ಕೆಲಸದಲ್ಲಿದ್ದಾಳೆ, ಆದರೆ ಅಮ್ಮ ಡಿವೋರ್ಸಿ ಅಂತೆ, ಬೇಡ ಅನ್ನುವ ಮಾತು ಸಭೆಯ ಒಳಗೇ ಕೇಳಿಬರುತ್ತೆ. ಯೌವನಸ್ಥರೇ, ಇನ್ನು ಕೆಲವು ವರ್ಷಕ್ಕೆ ಆ ಮಾತುಕತೆಯ ಚಾಪೆಯ ಮೇಲೆ ನೀವು ಕೂರ್ತೀರಿ. ಆಗ ಈ ಸಂಜೆಯನ್ನು ನೆನಪಿಸಿಕೊಳ್ಳಿ. ಎಸ್ತೇರಳಿಗೆ ಅಪ್ಪ ಅಮ್ಮ ಇಲ್ಲ ಅಂತ ಮೊರ್ದೆಕೈ ಬಾಗಿಲು ಹಾಕಿದ್ದರೆ ಯೆಹೂದ್ಯರ ಕಥೆ ಏನಾಗ್ತಿತ್ತು?

ತಂದೆ ತಾಯಿ ಇಬ್ಬರೂ ಜೊತೆಗಿರೋದು ದೇವರ ಒಳ್ಳೆಯ ವರ. ಇರುವವರು ಅದನ್ನು ಕಾಪಾಡಿಕೊಳ್ಳಿ, ಕರ್ತನಿಗೆ ವಂದನೆ ಹೇಳಿ. ಆದರೆ ಇಬ್ಬರೂ ಮನೆಯಲ್ಲಿದ್ದು, ಇಬ್ಬರ ಕಣ್ಣೂ ಫೋನ್ ಮೇಲಿದ್ದು, ಮಗು ಒಂಟಿಯಾಗಿರುವ ಮನೆಗಳೂ ಇವೆ. ಮನೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನೋ ಲೆಕ್ಕ ಮಗುವನ್ನು ಕಾಯೋದಿಲ್ಲ. ಈ ಮಗು ನನ್ನದು ಅಂತ ಹೇಳಿ, ದಿನಾ ಅಂಗಳದ ಮುಂದೆ ಬಂದು, ಹೇಗಿದ್ದೀಯಾ ಅಂತ ಕೇಳುವ ಒಬ್ಬರು ಇದ್ದರೆ ಮಗು ಬೆಳೆಯುತ್ತೆ.

ಹಾಗಾದರೆ ಈ ವಾರ ಏನು ಮಾಡೋಣ? ದೊಡ್ಡದೇನೂ ಬೇಡ. ನಮ್ಮ ಸಭೆಯಲ್ಲಿ ಒಂಟಿಯಾಗಿ ಮಕ್ಕಳನ್ನು ಸಾಕ್ತಾ ಇರುವ ಒಬ್ಬರಿಗೆ ಫೋನ್ ಮಾಡಿ. ಪ್ರಶ್ನೆ ಕೇಳಬೇಡಿ, ಏನಾದರೂ ಬೇಕಾ ಅಂತ ಮಾತ್ರ ಕೇಳಿ. ಲೆಕ್ಕ ಬರುವವರು ಒಂದು ಮಗುವಿಗೆ ಲೆಕ್ಕ ಹೇಳಿಕೊಡಿ, ಆದರೆ ತಾಯಿಯನ್ನು ಕೇಳಿ, ತಾಯಿಯ ಕಣ್ಣೆದುರು, ಚರ್ಚ್ ಹಾಲ್‌ನಲ್ಲಿ. ಒಮ್ಮೆ ಶುರು ಮಾಡಿದರೆ ಎರಡು ವಾರಕ್ಕೆ ನಿಲ್ಲಿಸಬೇಡಿ. ಬಂದು ಹೋಗುವವರನ್ನು ಆ ಮಕ್ಕಳು ಈಗಾಗಲೇ ಸಾಕಷ್ಟು ನೋಡಿದ್ದಾರೆ. ನಿಮ್ಮನ್ನು ಬೆಳೆಸಿದವರು ಅಜ್ಜಿಯೋ, ಅತ್ತೆಯೋ, ದೊಡ್ಡಪ್ಪನೋ ಆಗಿದ್ದರೆ, ಇವತ್ತು ಮನೆಗೆ ಹೋಗಿ ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಿ. ಅವರು ಏನಾಯ್ತು ಇವತ್ತು ನಿನಗೆ ಅಂತಾರೆ. ಪರವಾಗಿಲ್ಲ, ಹೇಳಿ.

ಎದ್ದು ನಿಲ್ಲೋಣ. ಪ್ರಾರ್ಥಿಸೋಣ.

ತಂದೆಯೇ, ಅಪ್ಪನ ಹೆಸರಿನ ಜಾಗದಲ್ಲಿ ಖಾಲಿ ಬಿಟ್ಟು ಬೆಳೆದ ಪ್ರತಿಯೊಬ್ಬ ತಮ್ಮ, ತಂಗಿಯನ್ನು ನಿಮ್ಮ ಕೈಗೆ ಕೊಡ್ತೀವಿ. ಇವತ್ತು ರಾತ್ರಿ ಒಬ್ಬರೇ ಮಗುವನ್ನು ಮಲಗಿಸಿ, ಒಬ್ಬರೇ ಲೆಕ್ಕ ಹಾಕಿ, ಒಬ್ಬರೇ ಅಳುವ ತಾಯಂದಿರನ್ನು, ತಂದೆಯರನ್ನು ನೆನಪು ಮಾಡಿಕೊಳ್ಳಿ. ಮೊಮ್ಮಕ್ಕಳನ್ನು ಸಾಕುವ ಅಜ್ಜಿಯರ ಮೊಣಕಾಲಿಗೆ ಬಲ ಕೊಡಿ. ಕರ್ತನೇ, ನಮ್ಮ ಸಭೆಯ ಬಾಯಿಯನ್ನು ಶುದ್ಧಿ ಮಾಡಿ. ಯಾರ ಮಗು ಅಂತ ಕೇಳುವ ಮೊದಲು ಊಟ ಆಯ್ತಾ ಅಂತ ಕೇಳುವ ಹೃದಯ ಕೊಡಿ. ಈ ಮಗು ನನ್ನದು ಅನ್ನುವ ಯೌವನಸ್ಥರನ್ನು ಈ ಸ್ಥಳದಿಂದ ಎಬ್ಬಿಸಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ನಮ್ಮ ಪರಮ ತಂದೆಯೇ. ಆಮೆನ್.